ಯಾರ ಪೈಕಿ ಎಂದು ಕೇಳಿದರೆ

ಹೇಳಿದರೆ ನೀವು ನಂಬುವುದಿಲ್ಲ. ನಂಬದಿದ್ದರೂ ನನಗೆ ಬೇಸರವಿಲ್ಲ; ನಮ್ಮ ಮನೆಯಲ್ಲೇ ನನ್ನ ಮಾತನ್ನು ರೂಪಾಯಿಗೆ ನಾಲ್ಕಾಣೆಯಷ್ಟು ಮಾತ್ರ ನಂಬುತ್ತಾರೆ. ಆದರೂ ಹೇಳಿಬಿಡುತ್ತೇನೆ. ಹದಿನೈದನೆಯ ವಯಸ್ಸಿನಲ್ಲಿ, ಮೀಸೆ ಬರಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದ ಕಾಲದಲ್ಲಿ, ನಾನು ದೇವದುರ್ಗದಲ್ಲಿ ಮಾಸ್ತರನಾಗಿದ್ದೆ. ಕಲಿಸಿದ್ದು ಲೆಕ್ಕವಲ್ಲ, ಉರ್ದೂ ಅಲ್ಲ. ನಾಲ್ಕು ಮಂದಿಯ ನಡುವೆ ಹೇಗಿರಬೇಕು ಎಂಬುದನ್ನು ಕಲಿಸಿದೆ. ನನ್ನನ್ನು ಬಲ್ಲವರು ಇಲ್ಲಿಗೇ ನಗಲು ಶುರು ಮಾಡುತ್ತಾರೆ. ಪುರಾಣ ಓದುವ ಹೊತ್ತಿಗೆ ಸರಿಯಾಗಿ ಸೀನಿ ಇಡೀ ಸಭೆಯನ್ನು ಅಪಶಕುನವೆಂದು ಎಬ್ಬಿಸಿದವನು ನಾನು. ಅದೂ ಒಂದು ಸಲವಲ್ಲ, ಏಳು ಸಲ. ಸರಿ, ಎರಡು ಸಲ.

ನಮ್ಮ ಅಪ್ಪ ಸರ್ಕಾರಿ ಶಾಲೆಯ ಮಾಸ್ತರರು. ಮಾನ್ವಿಯ ವೈಷ್ಣವ ಮನೆತನ, ವರ್ಗವಾಗಿ ದೇವದುರ್ಗಕ್ಕೆ ಬಂದವರು. ನಿಜಾಮರ ಸೀಮೆಯಲ್ಲಿ ಶುಕ್ರವಾರ ಶಾಲೆಗೆ ರಜೆ. ರಜೆಯ ದಿನ ಉಳಿದ ಮಾಸ್ತರರು ಮಲಗುತ್ತಿದ್ದರು. ನಮ್ಮ ಅಪ್ಪ ಕೊಡೆ ಹಿಡಿದು ಅಗಸಿ ದಾಟಿ, ಊರ ಹೊರಗಿನ ಕೇರಿಗೆ ಹೋಗಿ, ಅಲ್ಲಿನ ಬೇವಿನ ಮರದ ಕೆಳಗೆ ಕೂಲಿಯವರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಇದಕ್ಕಾಗಿ ನಮ್ಮ ಓಣಿಯ ಹಿರಿಯರು ಅವರಿಗೆ ಒಂದು ಶಿಕ್ಷೆ ಹುಡುಕಿದ್ದರು. ಊಟದ ಪಂಕ್ತಿಯಲ್ಲಿ ಕಟ್ಟಕಡೆಯ ಎಲೆ ಅಪ್ಪನದು. ಹೋಳಿಗೆ ಅಲ್ಲಿಗೆ ತಲುಪುವಷ್ಟರಲ್ಲಿ ಬುಟ್ಟಿ ಬರಿದಾಗಿರುತ್ತಿತ್ತು. "ಚಲೋ ಆತು, ಹಲ್ಲಿಗೆ ಸಿಹಿ ಆಗಿಬರೂದಿಲ್ಲ," ಎನ್ನುತ್ತಿದ್ದರು ಅಪ್ಪ. ಪಕ್ಕದಲ್ಲಿ ಕೂತ ನನ್ನ ಹಲ್ಲಿಗೆ ಸಿಹಿ ಚೆನ್ನಾಗಿಯೇ ಆಗಿಬರುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ.

ಆ ಮಕ್ಕಳಲ್ಲಿ ಹತ್ತು ವರ್ಷದ ಒಬ್ಬ ಹುಡುಗಿ ಇದ್ದಳು. ಕಾಗದದ ಚೂರು ಸಿಕ್ಕರೂ ಬಿಡದೆ ಓದುವವಳು. ಕಡಲೆ ಕಟ್ಟಿದ ಕಾಗದವನ್ನು ಕಡಲೆ ತಿನ್ನುವ ಮೊದಲೇ ಓದಿ ಮುಗಿಸುತ್ತಿದ್ದಳು. ಅವಳಿಗೆ ಅಪ್ಪನಿಲ್ಲ, ತಾಯಿ ಹೊಲದ ಕೂಲಿಗೆ ಹೋಗುತ್ತಿದ್ದಳು. ರಾಯಚೂರಿನಲ್ಲಿ ಇಂಥ ಹೆಣ್ಣುಮಕ್ಕಳಿಗಾಗಿ ಒಂದು ಬೋರ್ಡಿಂಗ್ ಶುರುವಾಗಿದೆ, ಊಟ ಹಾಕಿ ಓದಿಸುತ್ತಾರೆ ಎಂಬ ಸುದ್ದಿ ಬಂದಾಗ ಅಪ್ಪ ಅವಳ ತಾಯಿಯನ್ನು ಕೇಳಿದರು. ಆಗ ನಾನೂ ಅಲ್ಲಿದ್ದೆ. ಅವಳು ಹತ್ತು ಮಾರು ದೂರದಲ್ಲಿ ನಿಂತು, ಸೆರಗು ಹಿಡಿದು ಮಾತಾಡಿದಳು.

"ಓದೋದು ಬರಿಯೋದು ಚಲೋನ ಅದರಿ ಯಪ್ಪಾ. ಆದ್ರ ಅಲ್ಲಿ ಆಕಿಗಿ ನಮ್ಮವರು ಅನ್ನೋರು ಯಾರದಾರ್ರಿ? ಮಂದ್ಯಾಗ ಏನರ ಆತಂದ್ರ ನನ್ನ ಮಗಳ ಕಡಿ ಯಾರು ನಿಂದರತಾರ್ರಿ?"

"ನಾನದೀನಲ್ಲವ್ವಾ," ಎಂದರು ಅಪ್ಪ. "ಇಕಾ, ನನ್ನ ಮಗ ಅದಾನ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರು ಕೂಡ ಅಷ್ಟು ಹೊತ್ತು ನೋಡುವುದಿಲ್ಲ.

"ಒಂದ್ಸಲ ಹೋಗಿ ತೋರಿಸಿಕೊಂಡು ಬರ್ಲಿರಿ. ಹೆಂಗ ಹೋಗಿ ಹೆಂಗ ಬರ್ತಾಳ ನೋಡ್ತೀನಿ. ಆಮ್ಯಾಲ ಕಾಗದಕ್ಕ ಹೆಬ್ಬಟ್ಟು ಒತ್ತೋದೋ ಬಿಡೋದೋ ಹೇಳ್ತೀನಿ."

ಅಷ್ಟರಲ್ಲಿ ಮಾನ್ವಿಯಲ್ಲಿ ನಮ್ಮ ಅಜ್ಜ ಹಾಸಿಗೆ ಹಿಡಿದರು. ಅಪ್ಪ ರಜೆ ಹಾಕಿ ಹೊರಟರು. ಹೊರಡುವ ಮುನ್ನ ನನ್ನನ್ನು ಕರೆದರು. "ಅಕ್ಷರ ನಾ ಕಲಿಸೀನಿ. ನಾಲ್ಕು ಮಂದ್ಯಾಗ ಹೆಂಗ ಇರಬೇಕು ಅನ್ನೋದಿಷ್ಟು ನೀ ಕಲಿಸು. ಆ ಮಕ್ಕಳು ಇನ್ನೂ ಮೋಟರ ಹತ್ತಿಲ್ಲ, ಆಫೀಸು ನೋಡಿಲ್ಲ. ತಿಂಗಳು ತುಂಬಿದ ಮ್ಯಾಲ ಆ ಹುಡುಗೀನ ಕರಕೊಂಡು ರಾಯಚೂರಿಗೆ ಬಾ. ನಾ ಮಾನ್ವಿಯಿಂದ ನೆಟ್ಟಗ ಅಲ್ಲಿಗೇ ಬಂದಿರ್ತೀನಿ."

ಹೀಗೆ ನಾಲ್ಕು ಶುಕ್ರವಾರ ನಾನು ಮಾಸ್ತರನಾದೆ. ಅಪ್ಪನ ಕೊಡೆಯನ್ನೇ ಹಿಡಿದು ಹೋಗುತ್ತಿದ್ದೆ, ಮಳೆಯೂ ಇಲ್ಲ, ಬಿಸಿಲೂ ಅಷ್ಟಿಲ್ಲ. ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ತಂಬಿಗೆ ನೀರು, ಏಕೆಂದರೆ ಅಲ್ಲಿ ನಾನು ನೀರು ಕುಡಿಯುವಂತಿರಲಿಲ್ಲ, ಅವರು ಕೊಡುವಂತೆಯೂ ಇರಲಿಲ್ಲ. ಮನೆಗೆ ಮರಳಿದಾಗ ಅವ್ವ ಹಿತ್ತಲಲ್ಲೇ ನಿಲ್ಲಿಸಿ ತಲೆಯ ಮೇಲೆ ಬಿಂದಿಗೆಗಟ್ಟಲೆ ನೀರು ಸುರಿದು ಒಳಗೆ ಬಿಡುತ್ತಿದ್ದಳು. ಆ ತಿಂಗಳು ನಮ್ಮ ಓಣಿಯಲ್ಲಿ ನನ್ನಷ್ಟು ಸ್ವಚ್ಛವಾಗಿದ್ದ ಪ್ರಾಣಿ ಇನ್ನೊಂದಿರಲಿಲ್ಲ.

ನಾನು ಆಗಿನ ಮಟ್ಟಿಗೆ ಮೋಟಾರಿನ ಪಂಡಿತ. ಹನ್ನೊಂದು ಸಲ ಹತ್ತಿದ್ದೆ, ಒಂಬತ್ತು ಸಲ ಮಾತ್ರ ವಾಂತಿ ಮಾಡಿದ್ದೆ. ಯುದ್ಧದ ಕಾಲವಾದ್ದರಿಂದ ಮೋಟಾರು ಪೆಟ್ರೋಲಿನ ಬದಲು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಓಡುತ್ತಿತ್ತು ಎಂದರೆ, ಏರು ಬಂದಾಗ ಎಲ್ಲರೂ ಇಳಿದು ನೂಕುತ್ತಿದ್ದೆವು. ಇಳಿಜಾರಿನಲ್ಲಿ ಅದು ನಮ್ಮನ್ನು ಬಿಟ್ಟು ಹೋಗದಂತೆ ಹಿಂದೆ ಓಡುತ್ತಿದ್ದೆವು. ಬೇವಿನ ಮರದ ಕೆಳಗೆ ನಾನು ಅಂಥದೇ ಒಂದು ಮೋಟಾರು ಕಟ್ಟಿದೆ. ಎಂಟು ಕಲ್ಲು, ಎಂಟು ಸೀಟು. ಒಡೆದ ಗಡಿಗೆಯ ಕಂಠವೇ ಸ್ಟೇರಿಂಗು. ಇದ್ದಿಲಿನ ಒಲೆಯ ಜಾಗದಲ್ಲಿ ಒಂದು ಹೋತನ್ನು ಕಟ್ಟಿದೆ, ವಾಸನೆಗೆ ಸರಿಹೋಯಿತು.

"ಹತ್ರಿ ಎಲ್ಲಾರೂ!" ಎಂದೆ.

ಹತ್ತಿದರು. ಎಂಟೂ ಮಕ್ಕಳು ಕಲ್ಲುಗಳ ನಡುವಿನ ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕೂತರು. ಎಂಟೂ ಸೀಟು ಖಾಲಿ.

"ಏನಲೇ, ಸೀಟಿನ್ಯಾಗ ಮುಳ್ಳದಾವೇನು? ಮ್ಯಾಲ ಕುಂದರ್ರಿ!"

"ಮ್ಯಾಲ ಕುಂತ್ರ ಬೈತಾರ್ರಿ," ಎಂದಳು ಆ ಹುಡುಗಿ.

"ಯಾಕ ಬೈತಾರ? ಟಿಕೀಟ ತಗೊಂಡಾವ್ರು ಸೀಟಿನ ಮ್ಯಾಲ ಕುಂದರಬೇಕು. ಅದ ರೀತಿ. ಯಾರರ ಕೇಳಿದ್ರ ಮರ್ಯಾದಿಲೆ ಹೇಳಬೇಕು, ಟಿಕೀಟ ತಗೊಂಡೀನ್ರಿ, ಅದಕ್ಕ ಕುಂತೀನ್ರಿ, ಅಂತ. ಎಲ್ಲಿ, ಅನ್ರಿ!"

ಎಂಟು ಬಾಯಿ ಒಟ್ಟಿಗೆ ಅಂದವು. ಹೋತ ಕೂಡ ಅಂದಿತು.

ಕಿಟಕಿಯಿಂದ ಉಗುಳಬಾರದು, ಉಗುಳಿದರೆ ಗಾಳಿ ಅದನ್ನು ಹಿಂದಿನ ಸೀಟಿನ ತಹಸೀಲ್ದಾರರ ಶೇರವಾನಿಗೆ ತಲುಪಿಸುತ್ತದೆ. ಶೇಂಗಾ ಸಿಪ್ಪೆಯನ್ನು ಕೆಳಗೆ ಚೆಲ್ಲಬಾರದು. ಯಾರ ಮುಖವನ್ನೂ ಬಾಯಿ ತೆರೆದು ನೋಡಬಾರದು. ಹಿರಿಯರು ಹತ್ತಿದರೆ ಎದ್ದು ಜಾಗ ಕೊಡಬೇಕು. ಇವೆಲ್ಲ ಎರಡು ಶುಕ್ರವಾರಗಳಲ್ಲಿ ಮುಗಿದವು. ಮೂರನೆಯ ಶುಕ್ರವಾರ ನನ್ನ ದೊಡ್ಡ ಪಾಠ. ನಮ್ಮ ಕಡೆ ಗುರುತಿಲ್ಲದ ಮಗುವನ್ನು ಕಂಡರೆ ಹಿರಿಯರು ಕೇಳುವ ಮೊದಲ ಪ್ರಶ್ನೆ ಹೆಸರಲ್ಲ, ಯಾರ ಪೈಕಿ ನೀನು ಎಂಬುದು. ಹಾಗೆ ಕೇಳಿದಾಗ ಈ ಮಕ್ಕಳು ತಲೆ ಬಗ್ಗಿಸಿ, ಹೆಬ್ಬೆರಳಿನಿಂದ ನೆಲ ಕೆರೆದು, ಏನೋ ಗೊಣಗುತ್ತಿದ್ದವು.

"ಕಳ್ಳರು ಹಂಗ ನಿಂದರತಾರ," ಎಂದೆ. "ನೆಟ್ಟಗ ನಿಂದರಬೇಕು. ಕೈ ಮುಗೀಬೇಕು. ಅಪ್ಪನ ಹೆಸರು, ಕೇರಿ, ಊರು, ಮೂರೂ ಗಟ್ಟಿಯಾಗಿ ಹೇಳಬೇಕು."

ಆ ಹುಡುಗಿ ನೆಲ ಕೆರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ಕೇರೀನೂ ಹೇಳಬೇಕೇನ್ರಿ?"

"ಹೇಳಬೇಕು. ಅರ್ಧ ಹೇಳಿದ್ರ ಸುಳ್ಳು ಹೇಳಿದಂಗ."

ಸುಳ್ಳಿನ ವಿಷಯದಲ್ಲಿ ಪಾಠ ಹೇಳಲು ಇಡೀ ಜಿಲ್ಲೆಯಲ್ಲಿ ನನಗಿಂತ ಅನುಭವಸ್ಥರು ಸಿಗುತ್ತಿರಲಿಲ್ಲ. ಅವಳು ಯಾಕೆ ಕೇಳಿದಳೆಂದು ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಆ ಹೊತ್ತಿನಲ್ಲಿ ನನ್ನ ದನಿ ಥೇಟ್ ಅಪ್ಪನ ದನಿಯಂತೆ ಕೇಳುತ್ತಿದೆಯಲ್ಲ ಎಂದು ಹಿಗ್ಗುತ್ತಿದ್ದೆ.

ಹೊರಡುವ ದಿನ ಬೆಳಿಗ್ಗೆ ಅವಳ ತಾಯಿ ಮೋಟಾರು ನಿಲ್ಲುವ ಜಾಗಕ್ಕೆ ಬಂದಿದ್ದಳು. ಹುಡುಗಿಗೆ ನನ್ನ ತಂಗಿಯ ಹಳೆಯ ಪರಕಾರ, ಎಣ್ಣೆ ಹಚ್ಚಿ ಬಿಗಿದ ಜಡೆ, ಕಂಕುಳಲ್ಲಿ ಪಾಟಿ. ನೋಡಿದವರು ಯಾರೋ ಮಾಸ್ತರರ ಮನೆಯ ಹುಡುಗಿ ಎನ್ನಬೇಕು, ಹಾಗಿದ್ದಳು. ತಾಯಿ ನನ್ನ ಕಡೆ ತಿರುಗಿ, "ನಿಮ್ಮ ಕೈಯಾಗ ಕೊಟ್ಟೀನ್ರಿ ಯಪ್ಪಾ," ಎಂದಳು. ಅಷ್ಟೇ ಅಂದಳು, ಹೊಲಕ್ಕೆ ಹೊತ್ತಾಗಿತ್ತು.

ಹುಡುಗಿಯನ್ನು ಮಧ್ಯದ ಒಂದು ಸೀಟಿನಲ್ಲಿ ಕೂರಿಸಿ ನಾನು ಎರಡು ಸಾಲು ಮುಂದೆ ಹೋಗಿ ಕೂತೆ. ಡ್ರೈವರು ಗೇರು ಹಾಕುವುದನ್ನು ನೋಡುವ ಆಸೆ ಎಂದು ಅವಳಿಗೆ ಹೇಳಿದೆ. ಈಗ ಅದನ್ನು ಅಷ್ಟು ಗಟ್ಟಿಯಾಗಿ ಹೇಳಲಾರೆ.

ಗಬ್ಬೂರಿನಲ್ಲಿ ದೊಡ್ಡ ರುಮಾಲಿನ ಹಿರಿಯರೊಬ್ಬರು ಹತ್ತಿದರು. ಮೋಟಾರು ತುಂಬಿತ್ತು. ಹುಡುಗಿ ಚಟ್ಟನೆ ಎದ್ದು, "ಕುಂದರ್ರಿ ಯಪ್ಪಾ," ಎಂದಳು.

ಹಿರಿಯರಿಗೆ ಬಲು ಖುಷಿ. "ಎಂಥಾ ಶ್ಯಾಣ್ಯಾ ಹುಡುಗಿ ನೋಡ್ರಿ ಇದು! ನಮ್ಮ ಮನ್ಯಾಗೂ ಆರು ಮೊಮ್ಮಕ್ಕಳದಾವ. ಕತ್ತಿ ಹಿಂಡು ಕಾಯೋದು ಸಸಾರ, ಅವನ್ನ ಕಾಯೋದು ತ್ರಾಸು," ಎಂದು ಸುತ್ತಲಿನವರಿಗೆ ಹೇಳಿ, ಸರಿದು ಕೂತು, ಅವಳನ್ನು ಎಳೆದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ತಲೆ ಸವರಿದರು. ಚೀಲದಿಂದ ಒಂದು ಶೇಂಗಾ ಉಂಡಿ ತೆಗೆದು ಕೊಟ್ಟರು. ಅವಳು ಅದನ್ನು ಅಂಗೈಯಲ್ಲಿ ಒಡೆದು, ಒಂದು ಪುಡಿಯೂ ಕೆಳಗೆ ಬೀಳದಂತೆ ತಿನ್ನುತ್ತಿದ್ದಳು. ಮುಂದೆ ಕೂತ ನಾನು ತಿರುತಿರುಗಿ ನೋಡಿ ಉಬ್ಬಿದೆ. ಎಷ್ಟು ಉಬ್ಬಿದೆನೆಂದರೆ ಪಕ್ಕದವರು ಜರುಗಿ ಕೂರಬೇಕಾಯಿತು.

"ಯಾರ ಪೈಕಿ ತಂಗಿ ನೀನು?" ಎಂದರು ಹಿರಿಯರು.

ಅವಳು ಎದ್ದು ನೆಟ್ಟಗೆ ನಿಂತಳು. ಉಂಡಿಯನ್ನು ಹಿಡಿದೇ ಕೈ ಮುಗಿದಳು. ತೀರಿಹೋದ ಅಪ್ಪನ ಹೆಸರು ಹೇಳಿದಳು. ಕೇರಿ ಹೇಳಿದಳು. ಊರು ಹೇಳಿದಳು. ಗಟ್ಟಿಯಾಗಿ, ಇಡೀ ಮೋಟಾರಿಗೆ ಕೇಳುವಂತೆ. ನನ್ನ ಪಾಠದಲ್ಲಿ ಒಂದಕ್ಷರವೂ ತಪ್ಪಲಿಲ್ಲ.

ಹಿರಿಯರು ಅವಳ ತಲೆ ಸವರಿದ ತಮ್ಮ ಕೈಯನ್ನು ನೋಡಿಕೊಂಡರು. ಅದು ಯಾರದೋ ಕೈ ಎಂಬಂತೆ ಮೈಯಿಂದ ದೂರ ಹಿಡಿದರು. ಕಂಡಕ್ಟರನನ್ನು ಕೂಗಿದರು. ಮೋಟಾರು ನಿಂತಿತು. ಯಾರೋ ಚರಿಗೆಯಿಂದ ನೀರು ಹಾಕಿದರು, ಹಿರಿಯರು ಕಿಟಕಿಯ ಹೊರಗೆ ಕೈ ಚಾಚಿ ಮೊಳಕೈತನಕ ತೊಳೆದುಕೊಂಡರು.

"ಏ ಹುಡುಗಿ, ಕೆಳಗ ಕುಂದರು," ಎಂದ ಕಂಡಕ್ಟರ.

"ಟಿಕೀಟ ತಗೊಂಡೀನ್ರಿ," ಎಂದಳು ಅವಳು. "ಅದಕ್ಕ ಕುಂತೀನ್ರಿ."

ಹಿಂದಿನಿಂದ ಯಾರೋ ನಕ್ಕರು. "ಭಲೇ! ವಕೀಲಿ ಮಾಡ್ತದಲ್ಲೋ ಇದು!"

"ಯಾರು ಕಲಿಸ್ಯಾರ ನಿನಗ ಇದನ್ನ? ಯಾರ ಜೋಡಿ ಬಂದಿ?" ಎಂದರು ಹಿರಿಯರು.

ಅವಳು ನನ್ನ ಕಡೆ ನೋಡಿದಳು. ಅವಳು ನೋಡಿದ ದಿಕ್ಕಿಗೆ ಹಿರಿಯರೂ ನೋಡಿದರು. ನನ್ನ ಹಣೆಯ ಅಂಗಾರ ಅಕ್ಷತೆ, ಮುಖಕ್ಕೆ ಹಚ್ಚಿದ ಗೋಪಿಚಂದನ ಅವರಿಗೆ ಕಂಡವು.

"ತಮ್ಮಾ, ಆಚಾರ್ರ ಮನಿ ಹುಡುಗ ಕಾಣ್ತಿ. ಈಕಿ ನಿನ್ನ ಜೋಡಿ ಅದಾಳೇನು?"

"ಇಲ್ಲ್ರಿ," ಎಂದೆ.

ಒಂದು ಮಾತಿಗೆ ಹತ್ತು ಮಾತು ಸೇರಿಸಿ ಆಡುವವನು ನಾನು. ಅದಕ್ಕಿಂತ ಚಿಕ್ಕ ಮಾತನ್ನು ನಾನು ಆಡಿದ್ದೇ ಇಲ್ಲ. ಆಡಿ ಮುಂದೆ ತಿರುಗಿ ಕೂತೆ. ರಸ್ತೆಯ ಎರಡೂ ಕಡೆ ಜೋಳದ ಹೊಲ. ಅದನ್ನು ಎಷ್ಟು ನೋಡಿದೆನೆಂದರೆ ಇಂದಿಗೂ ಆ ರಸ್ತೆಯ ಜೋಳದ ದಂಟುಗಳನ್ನು ಗುರುತಿಸಬಲ್ಲೆ. ಇದನ್ನು ನಗಿಸಲೆಂದು ಹೇಳುತ್ತಿಲ್ಲ.

ಅವಳು ಕೆಳಗೆ ಕೂರಲಿಲ್ಲ. ಸೀಟಿನ ಮೇಲೂ ಕೂರಲಿಲ್ಲ. ಉಳಿದ ಅರ್ಧ ಉಂಡಿಯನ್ನು ಸೀಟಿನ ತುದಿಯಲ್ಲಿಟ್ಟು, ಹಿಂಬಾಗಿಲ ಕಂಬ ಹಿಡಿದು ನಿಂತಳು. ಇದ್ದಿಲಿನ ಒಲೆ ಅಲ್ಲೇ ಹೊರಗಿತ್ತು. ಗಬ್ಬೂರಿನಿಂದ ರಾಯಚೂರಿನತನಕ ಆ ಸೆಕೆಯಲ್ಲಿ ನಿಂತೇ ಬಂದಳು.

ಇಳಿದ ಮೇಲೆ ನಾನು ಏನೇನೋ ಹೇಳಿದೆ. ಅವರು ದೊಡ್ಡ ಮನುಷ್ಯರು, ಜಗಳ ಆಗುತ್ತಿತ್ತು, ನಮ್ಮಿಬ್ಬರನ್ನೂ ಇಳಿಸಿಬಿಡುತ್ತಿದ್ದರು, ಆಗ ಬೋರ್ಡಿಂಗಿಗೆ ಹೊತ್ತಾಗುತ್ತಿತ್ತು. ಅವಳು, "ಹೌದ್ರಿ," ಎಂದಳು. ಇನ್ನೂ ಹೇಳಿದೆ. "ಹೌದ್ರಿ," ಎಂದಳು.

ಅಪ್ಪ ಬೋರ್ಡಿಂಗಿನ ಬಾಗಿಲಲ್ಲೇ ಕಾಯುತ್ತಿದ್ದರು. ಒಳಗೆ ಬಿಳಿ ಸೀರೆಯ, ದಪ್ಪ ಕನ್ನಡಕದ ಒಬ್ಬ ಹೆಣ್ಣುಮಗಳು, ಎಲ್ಲರೂ ಬಾಯಿಯವರು ಎಂದು ಕರೆಯುವವರು, ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಪುಸ್ತಕ ಕೊಟ್ಟರು, ಹುಡುಗಿ ಓದಿದಳು. ಲೆಕ್ಕ ಕೊಟ್ಟರು, ಮಾಡಿದಳು. ಬಾಯಿಯವರು ಕುರ್ಚಿ ತೋರಿಸಿ, "ನಿಂತಾ ಇದ್ದೀಯಲ್ಲವ್ವಾ, ಕುಂದರು," ಎಂದರು. ಅವಳು ಕೂರಲಿಲ್ಲ. ಎರಡನೆಯ ಸಲ ಹೇಳಿದರು. ಗೋಡೆಯ ಕಡೆ ಒಂದು ಹೆಜ್ಜೆ ಸರಿದು ನಿಂತಳು.

"ಎಷ್ಟು ವಿನಯ ನೋಡ್ರಿ ಮಾಸ್ತರ!" ಎಂದರು ಬಾಯಿಯವರು. "ಇಂಥಾ ಹುಡುಗಿ ನಮಗ ಬೇಕು. ಬರೋ ತಿಂಗಳ ಕಳಸ್ರಿ. ತಾಯಿ ಹೆಬ್ಬಟ್ಟು ಇರೋ ಕಾಗದ ಒಂದು ಬಂದುಬಿಡ್ಲಿ."

"ರೀತಿ ನೀತಿ ಎಲ್ಲಾ ನನ್ನ ಮಗ ಕಲಿಸ್ಯಾನ್ರಿ," ಎಂದರು ಅಪ್ಪ. ನನ್ನ ಹೆಗಲ ಮೇಲೆ ಕೈ ಇಟ್ಟರು. ನಾನು ತಲೆ ತಗ್ಗಿಸಿದೆ. ಮಗನಿಗೆ ಕೊನೆಗೂ ನಾಚಿಕೆ ಎಂಬುದು ಬಂತಲ್ಲ ಎಂದು ಅವರಿಗೆ ಇನ್ನಷ್ಟು ಸಂತೋಷವಾಯಿತು.

ಮರಳುವಾಗ ಅಪ್ಪನೂ ಜೊತೆಗಿದ್ದರು. ಮೋಟಾರು ಅರ್ಧ ಖಾಲಿ. ತಮ್ಮ ಪಕ್ಕದ ಜಾಗ ತಟ್ಟಿ, "ಬಾ, ಕುಂದರವ್ವಾ," ಎಂದರು. "ಬ್ಯಾಡ್ರಿ. ಕುಂತ್ರ ವಾಂತಿ ಬಂದಂಗ ಆಗ್ತದ," ಎಂದಳು ಅವಳು. ಅಪ್ಪ ನಂಬಿದರು. ನನ್ನನ್ನು ತೋರಿಸಿ, "ಇವಗೂ ಹಂಗ," ಎಂದು ನಕ್ಕರು. ಅವಳು ನನ್ನ ಬಗ್ಗೆ ಅಪ್ಪನಿಗೆ ಒಂದು ಮಾತನ್ನೂ ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಬೇರೆ. ಸದ್ಯ, ಬಚಾವಾದೆ!

ಮುಂದಿನ ಶುಕ್ರವಾರ ಅಪ್ಪನಿಗೆ ಜ್ವರ. ಹೆಬ್ಬೆಟ್ಟು ಒತ್ತಿಸಿಕೊಂಡು ಬಾ ಎಂದು ಕಾಗದ ಮತ್ತು ಮಸಿಯ ಡಬ್ಬಿ ಕೊಟ್ಟು ನನ್ನನ್ನೇ ಕಳಿಸಿದರು. ತಾಯಿ ಹೊಲದಿಂದ ಇನ್ನೂ ಬಂದಿರಲಿಲ್ಲ. ಬೇವಿನ ಕೆಳಗೆ ಮಕ್ಕಳೆಲ್ಲ ಸುತ್ತುಗಟ್ಟಿದವು. ಹುಡುಗಿ ಸ್ವಲ್ಪ ದೂರದಲ್ಲಿ ಪಾಟಿ ಒರೆಸುತ್ತ ಕೂತಿದ್ದಳು.

"ಮೋಟರದಾಗ ಏನೇನಾತು ಹೇಳ್ರಿ ಸಣ್ಣ ಮಾಸ್ತರ!" ಎಂದ ಒಬ್ಬ ಹುಡುಗ. "ಕೇಳಿದ್ರ ಈಕಿ ಬಾಯಿ ಬಿಡವಲ್ಲಳು."

ಕೇಳುವವರು ಏಳು ಜನ, ಎದುರಿಗೆ ಏಳು ತೆರೆದ ಬಾಯಿ. ನನ್ನಿಂದ ಸುಮ್ಮನಿರಲಾಗಲಿಲ್ಲ. ಹೇಳಿದೆ. ಹಿರಿಯರ ರುಮಾಲನ್ನು ಬಂಡಿಯ ಗಾಲಿಯಷ್ಟು ದೊಡ್ಡದು ಮಾಡಿದೆ. ಉಂಡಿಯನ್ನು ತೆಂಗಿನಕಾಯಿಯಷ್ಟು ಮಾಡಿದೆ. ಕಂಡಕ್ಟರನ ಹೊಟ್ಟೆ ಮೊದಲು ಹತ್ತಿತು, ಅವನು ಆಮೇಲೆ ಹತ್ತಿದ. ಮಕ್ಕಳು ಬಿದ್ದು ಬಿದ್ದು ನಕ್ಕವು. ನಗು ಏರಿದಂತೆ ಕತೆಯೂ ಏರಿತು, ಕೆಳಗೆ ಕುಂದರು ಎಂದ ಜಾಗಕ್ಕೆ ಬಂತು. ಅಲ್ಲಿ ನಿಲ್ಲಿಸಬಹುದಿತ್ತು.

"ಆವಾಗ ನಾನು ಎದ್ದು ನಿಂತೆ," ಎಂದೆ. ಎದ್ದೂ ನಿಂತೆ. "ಏ ಕಂಡಕ್ಟರ! ಈಕಿ ನಮ್ಮಾಕಿ! ಈಕಿನ್ನ ಮುಟ್ಟಿದ್ರ ನೋಡು, ಅಂದೆ. ಇಡೀ ಮೋಟರ ಗಪ್ಪಾತು! ಆ ರುಮಾಲಿನಾವ ಗಡಗಡ..."

ಮಕ್ಕಳ ನಗು ಒಮ್ಮೆಲೇ ನಿಂತಿತು. ಅವು ನನ್ನ ಬೆನ್ನ ಹಿಂದೆ ನೋಡುತ್ತಿದ್ದವು.

ಹುಡುಗಿಯ ತಾಯಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನಿಂತಿದ್ದಳು. ಯಾವಾಗಿನಂತೆ ಹತ್ತು ಮಾರು ದೂರದಲ್ಲಿ.

"ಗಬ್ಬೂರಾಗ ನಮ್ಮಕ್ಕ ಇರ್ತಾಳ್ರಿ," ಎಂದಳು. "ಆ ಹಿರ್ಯಾರ ಹೊಲದಾಗ ಕೂಲಿ ಮಾಡ್ತಾಳ. ಅವರು ಅಲ್ಲಿ ಕಟ್ಟಿ ಮ್ಯಾಲ ಕುಂತು ಈ ಸುದ್ದಿ ಹೇಳಿ ನಗಾಕತ್ತಿದ್ರಂತ. ನಿನ್ನಿ ಬಂದು ಹೇಳಿದ್ಲು. ಮಗಳಿಗಿ ಕೇಳಿದ್ರ ಏನೂ ಆಗಿಲ್ಲ ಅಂತಾಳ. ಅದಕ್ಕ ನಿಮಗ ಕೇಳ್ತೀನ್ರಿ ಯಪ್ಪಾ. ಈಕಿ ನಿನ್ನ ಜೋಡಿ ಅದಾಳೇನು ಅಂದಾಗ ನೀವು ಏನಂದ್ರಿ?"

"ಇವರು ಏನೂ ಅನ್ನಲಿಲ್ಲಬೇ ಯವ್ವಾ," ಎಂದಳು ಹುಡುಗಿ, ಪಾಟಿಯಿಂದ ತಲೆಯೆತ್ತದೆ.

"ನಾ ನಿನಗ ಕೇಳಿಲ್ಲ."

ನನ್ನ ನಾಲಿಗೆಯ ತುದಿಯಲ್ಲಿ ಸಾವಿರ ಕತೆಗಳಿದ್ದವು. ಮೋಟಾರಿನ ಸದ್ದಿಗೆ ಕೇಳಿಸಲಿಲ್ಲ ಎನ್ನಬಹುದಿತ್ತು. ನಿದ್ದೆ ಬಂದಿತ್ತು ಎನ್ನಬಹುದಿತ್ತು. ಅವಳು ಹೊರೆಯನ್ನು ಇಳಿಸದೆ ಕಾಯುತ್ತಿದ್ದಳು. ಅವಳ ಕುತ್ತಿಗೆಯ ನರ ನನಗೆ ಕಾಣುತ್ತಿತ್ತು.

"ಇಲ್ಲ ಅಂದೆ," ಎಂದೆ.

ಅವಳಿಗೆ ತಲೆ ಆಡಿಸಲೂ ಆಗುವಂತಿರಲಿಲ್ಲ, ಮೇಲೆ ಭಾರವಿತ್ತು. ಕಣ್ಣು ಮುಚ್ಚಿ ತೆರೆದಳು.

"ಆತ್ರಿ. ಆ ಕಾಗದ ಮಾಸ್ತರಿಗಿ ತಿರುಗಿ ಕೊಟ್ಟುಬಿಡ್ರಿ. ಅವರ ಮ್ಯಾಲ ನನಗ ಸಿಟ್ಟಿಲ್ಲ ಅಂತ ಹೇಳ್ರಿ. ಸಾಲಿ ಬ್ಯಾಡ ಅಂತಲ್ರಿ. ಹತ್ತು ಹನ್ನೆರಡು ಹರದಾರಿ ದೂರ ಹಡದಾಕಿ ಹೆಂಗ ಬಿಡ್ಲಿ, ಮೋಟರದಾಗ ಎರಡು ಸೀಟು ದೂರ ಇದ್ದೋರೇ ಬರ್ಲಿಲ್ಲ."

ಬೈಯಲಿಲ್ಲ. ಹದಿನೈದು ವರ್ಷದ ನನಗೆ ಕೊನೆಯ ಮಾತಿನತನಕ ರೀ ಹಚ್ಚಿಯೇ ಮಾತಾಡಿದಳು. ಆಮೇಲೆ ಮಗಳ ಕಡೆ ನೋಡಿ, "ನಡಿ. ದನಕ್ಕ ಹುಲ್ಲು ಹಾಕೋದದ," ಎಂದಳು.

ಹುಡುಗಿ ಎದ್ದಳು. ಪಾಟಿಯನ್ನು ಪಕ್ಕದ ಹುಡುಗನ ಕೈಗೆ ಕೊಟ್ಟು ತಾಯಿಯ ಹತ್ತಿರ ಹೋದಳು. ತಾಯಿ ಹೊರೆ ಇಳಿಸಿ, ಬಿಚ್ಚಿ, ಅದರಲ್ಲಿ ಅರ್ಧವನ್ನು ಬೇರೆ ಕಟ್ಟಿ ಮಗಳ ತಲೆಯ ಮೇಲಿಟ್ಟಳು. ಅವಳ ಕುತ್ತಿಗೆ ಒಮ್ಮೆ ವಾಲಿತು, ಮತ್ತೆ ನೆಟ್ಟಗಾಯಿತು.